ಚಿನ್ನದ ಊರಿನ ಪಕ್ಕದ ಊರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನಾನು ಹಿಂಜರಿದೆ. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಕನ್ನಡದಲ್ಲಿ ಎರಡು ಪುಟ ಬರೆದು ಇಪ್ಪತ್ತು ವರ್ಷ ಕಳೆದಿದೆ. "ಕಂಪ್ಯೂಟರ್ ಬಗ್ಗೇನೇ ಬರಿಯಪ್ಪ, ಮಕ್ಕಳಿಗೆ ಉಪಯೋಗ ಆಗ್ತದೆ" ಅಂದರು. ಒಪ್ಪಿಕೊಂಡು ಬರೆಯಲು ಕುಳಿತೆ. ಆದರೆ ನೆನಪಿಗೆ ಬಂದದ್ದು ಕಂಪ್ಯೂಟರ್ ಅಲ್ಲ, ನಮ್ಮಪ್ಪನ ಹಾಲಿನ ಲೆಕ್ಕದ ಪುಸ್ತಕ.

ನಮ್ಮ ಶಾಲೆ ಶುರುವಾದದ್ದು 1975ರಲ್ಲಿ. ಈಗ ಐವತ್ತು ತುಂಬಿದೆ. ಈ ಐವತ್ತು ವರ್ಷಗಳನ್ನು ಸರಿಯಾಗಿ ಎರಡು ಭಾಗ ಮಾಡುವ ಒಂದು ದಿನ ಇದೆ: 2001ರ ಫೆಬ್ರವರಿ 28. ಅಂದು ಕೋಲಾರ ಚಿನ್ನದ ಗಣಿ ಮುಚ್ಚಿತು. ನಮ್ಮ ಶಾಲೆಯ ಮೊದಲ ಇಪ್ಪತ್ತಾರು ವರ್ಷ ಪಕ್ಕದಲ್ಲಿ ಗಣಿ ಇತ್ತು, ಆಮೇಲಿನ ಇಪ್ಪತ್ತನಾಲ್ಕು ವರ್ಷ ಇಲ್ಲ. ನನಗಿಂತ ಹಿಂದೆ ಓದಿದವರು ಶಾಲೆಯ ಗಂಟೆಯ ಜೊತೆಗೆ ಗಣಿಯ ಸೈರನ್ ಕೇಳಿಕೊಂಡು ಬೆಳೆದವರು. ನನ್ನ ನಂತರ ಓದಿದವರಿಗೆ ಸೈರನ್ ಅಂದರೆ ಏನೆಂದೇ ಗೊತ್ತಿಲ್ಲ. ಎರಡನ್ನೂ ಕಂಡ ತರಗತಿ ನಮ್ಮದು. ಆಗ ನಾನು ಎಂಟನೇ ತರಗತಿಯಲ್ಲಿದ್ದೆ. ಆದ್ದರಿಂದ ಇದನ್ನು ಬರೆದಿಡುವುದು ನನ್ನ ಪಾಲಿನ ಕೆಲಸ ಎಂದುಕೊಂಡಿದ್ದೇನೆ.

ಗಣಿ ಬಂದ ಬಗೆ

ನಮ್ಮ ಕಡೆ ಮಣ್ಣು ತೊಳೆದು ಚಿನ್ನ ಆರಿಸುವುದು ಬಹಳ ಹಳೆಯ ಕಸುಬು. 1802ರಲ್ಲಿ ಮೈಸೂರು ಸಂಸ್ಥಾನದ ಗಡಿಯ ಸರ್ವೆಗೆ ಬಂದ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಕಂಡು ಬರೆದಿಟ್ಟ. ಎಪ್ಪತ್ತು ವರ್ಷದ ಮೇಲೆ ಅದನ್ನು ಓದಿಕೊಂಡು ಬಂದವನು ಮೈಕೆಲ್ ಲ್ಯಾವೆಲ್ಲೆ ಎಂಬ ಮಾಜಿ ಸೈನಿಕ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಇವನದೇ ಹೆಸರು. ಆದರೆ ಅವನ ಹತ್ತಿರ ಗಣಿ ನಡೆಸುವಷ್ಟು ಬಂಡವಾಳವಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಕಂಪನಿ ಕೈ ಹಾಕಿದ ಮೇಲೆ ಕೆಲವೇ ವರ್ಷಗಳಲ್ಲಿ ದೊಡ್ಡ ಚಿನ್ನದ ಪದರ ಸಿಕ್ಕಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಒಂದರ ಪಕ್ಕ ಒಂದು ತಲೆಯೆತ್ತಿದವು. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು.

ಕರೆಂಟಿನ ಕಥೆಯನ್ನು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಪ್ರತಿ ವರ್ಷ ಹೆಮ್ಮೆಯಿಂದ ಹೇಳುತ್ತಿದ್ದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾಗಿ, 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಆ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿ ದೀಪ ಉರಿದದ್ದು ಅದಾದ ಮೇಲೆ, 1905ರಲ್ಲಿ. ಮೇಷ್ಟ್ರು ಕೊನೆಗೊಂದು ಮಾತು ಸೇರಿಸುತ್ತಿದ್ದರು: "ನಮ್ಮೂರಿಗೆ ಕರೆಂಟ್ ಯಾವಾಗ ಬಂತು, ಮನೆಗೆ ಹೋಗಿ ಅಜ್ಜನ್ನ ಕೇಳ್ಕೊಂಡು ಬನ್ನಿ." ಮರುದಿನ ನಾವು ತಂದ ಉತ್ತರ ಒಬ್ಬೊಬ್ಬರದು ಒಂದೊಂದಾದರೂ ಅಜ್ಜಂದಿರೆಲ್ಲ ಒಂದು ಮಾತು ಹೇಳಿರುತ್ತಿದ್ದರು: ಅವರು ದೊಡ್ಡವರಾಗುವವರೆಗೂ ಮನೆಯಲ್ಲಿ ಉರಿದದ್ದು ಸೀಮೆಎಣ್ಣೆ ಬುಡ್ಡಿ. ಸುಮಾರು ತೊಂಬತ್ತು ಮೈಲಿ ದೂರದ ನೀರಿನಿಂದ ಹುಟ್ಟಿದ ಬೆಳಕು ಪಕ್ಕದ ಊರಿಗೆ ಬಂದರೂ ನಮಗೆ ಬರಲು ಒಂದು ತಲೆಮಾರಿಗೂ ಹೆಚ್ಚು ಬೇಕಾಯಿತು. ಚಿನ್ನದ ಊರಿನ ಪಕ್ಕದ ಊರು ಅಂದರೆ ಏನು ಎಂಬ ಪಾಠ ನನಗೆ ಅಂದೇ ಆಗಿತ್ತು.

ಕೆಲಸಗಾರರು ಬಂದದ್ದು ಹೆಚ್ಚಾಗಿ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ. ಬಹುಪಾಲು ದಲಿತರು, ತಮಿಳು ಮಾತನಾಡುವವರು, ಊರಿನಲ್ಲಿ ತುಂಡು ಭೂಮಿಯೂ ಇಲ್ಲದವರು. ಜಮೀನ್ದಾರನ ಮುಂದೆ ಕೈಕಟ್ಟಿ ನಿಲ್ಲುವುದಕ್ಕಿಂತ ನೆಲದೊಳಗೆ ಇಳಿಯುವುದೇ ಮೇಲು ಎಂದು ಬಂದವರು. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಅವರು ಸುಮ್ಮನೆ ದುಡಿದವರೂ ಅಲ್ಲ. ಅಯೋತಿ ದಾಸರ ಬೌದ್ಧ ಸಂಘದ ಶಾಖೆ 20ನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿತ್ತು. 1930ರಲ್ಲಿ ಕೆಲಸಗಾರರೆಲ್ಲ ಹೆಬ್ಬೆಟ್ಟು ಒತ್ತಿ ನೋಂದಾಯಿಸಿಕೊಳ್ಳಬೇಕು ಎಂದಾಗ, ನಾವೇನು ಕಳ್ಳರೇ ಎಂದು ಕೆಲಸ ನಿಲ್ಲಿಸಿದರು. 1946ರಲ್ಲಿ ಮತ್ತೆ ದೊಡ್ಡ ಮುಷ್ಕರವಾಯಿತು, ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಬಲಿಯಾದರು. ನಮ್ಮೂರಿಗೆ ಇಷ್ಟು ಹತ್ತಿರ ನಡೆದ ಈ ಸಂಗತಿ ನನಗೆ ಶಾಲೆಯಲ್ಲಿ ಗೊತ್ತಾಗಲಿಲ್ಲ, ಬೆಂಗಳೂರಿಗೆ ಹೋದ ಮೇಲೆ ಪುಸ್ತಕ ಓದಿ ತಿಳಿದೆ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು.

ಎಲ್ಲವೂ ಒಂದೇ ಕೊಂಡಿಯಲ್ಲಿ

ನಮ್ಮೂರಿನಿಂದ ಚಾಂಪಿಯನ್ ರೀಫ್ಸ್‌ಗೆ ಸೈಕಲ್ಲಿನಲ್ಲಿ ಒಂದು ಗಂಟೆ. ನಮ್ಮಪ್ಪ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ದಿನವೂ ಬೆಳಗಿನ ಜಾವ ಹೊರಡುತ್ತಿದ್ದರು. ನಮ್ಮೂರಿನ ತರಕಾರಿ, ಸೊಪ್ಪು, ಸೌದೆ, ಮೊಟ್ಟೆ ಎಲ್ಲಕ್ಕೂ ಗಿರಾಕಿ ಗಣಿಯವರೇ. ರಜಾ ದಿನಗಳಲ್ಲಿ ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ.

ಒಂದು ಕಡೆ ಹೆಂಚಿನ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ. ಇನ್ನೊಂದು ಕಡೆ ಕೆಲಸಗಾರರ ಲೈನುಗಳು. ಸಾಲಾಗಿ ಅಂಟಿಕೊಂಡ ಒಂಟಿ ಕೋಣೆಯ ಮನೆಗಳು, ತಟ್ಟಿ ಗೋಡೆ, ತಗಡಿನ ಚಾವಣಿ, ಬೀದಿ ನಲ್ಲಿ, ಸಾಮೂಹಿಕ ಕಕ್ಕಸು. ಕೋಣೆ ಚಿಕ್ಕದಾದ್ದರಿಂದ ಜನ ಬೀದಿಯಲ್ಲೇ ಬದುಕುತ್ತಿದ್ದರು. ಅಡುಗೆ, ಜಗಳ, ಮಕ್ಕಳ ಓದು, ಕೇರಂ ಆಟ ಎಲ್ಲವೂ ಬಾಗಿಲ ಮುಂದೆ. ಒಂದು ಮನೆಯ ಮುಂದೆ ಮಾರಿಯಮ್ಮನ ಪಟ, ಪಕ್ಕದ ಮನೆಯಲ್ಲಿ ಏಸುವಿನ ಪಟ, ಅದರಾಚೆ ಅಂಬೇಡ್ಕರ್ ಪಟ. ಅಪ್ಪ ಹಾಲು ಅಳೆಯುವಾಗ ಕನ್ನಡದಲ್ಲಿ ಕೇಳುತ್ತಿದ್ದರು, ಅವರು ತಮಿಳಿನಲ್ಲಿ ಹೇಳುತ್ತಿದ್ದರು, ಚೌಕಾಸಿ ತೆಲುಗಿನಲ್ಲಿ ನಡೆಯುತ್ತಿತ್ತು.

ದಿನವನ್ನು ನಡೆಸುತ್ತಿದ್ದುದು ಸೈರನ್. ಒಂದು ಪಾಳಿ ಏಳುವ ಹೊತ್ತಿಗೆ ಇನ್ನೊಂದು ಪಾಳಿ ಮಲಗುವುದು. ಗಂಡಸರು ಮೂರು ಕಿಲೋಮೀಟರಿಗೂ ಆಳದವರೆಗೆ ಇಳಿಯುತ್ತಿದ್ದರು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಕೆಲವೊಮ್ಮೆ ಬಂಡೆ ಒತ್ತಡಕ್ಕೆ ತಾನೇ ಸಿಡಿಯುತ್ತಿತ್ತು. ಆಗ ಮೇಲೆ ಮನೆಗಳಲ್ಲಿ ಪಾತ್ರೆ ಉರುಳುತ್ತಿದ್ದವು. ನಮ್ಮೂರಿನಲ್ಲೂ ಒಮ್ಮೊಮ್ಮೆ ನೆಲ ಅದುರಿದ್ದು ಗೊತ್ತಾಗುತ್ತಿತ್ತು. ನಾವು "ಗಣಿ ಗುಡುಗಿತು" ಎಂದು ಮತ್ತೆ ಮಲಗುತ್ತಿದ್ದೆವು. ಲೈನಿನ ಹೆಂಗಸರು ಮಾತ್ರ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ.

ಈಗ ಎಂಜಿನಿಯರ್ ಆಗಿ ಹಿಂತಿರುಗಿ ನೋಡಿದರೆ ನನಗೆ ಕಾಣುವುದು ಇದು: ಆ ಊರಿನಲ್ಲಿ ಕೆಲಸ ಮಾತ್ರವಲ್ಲ, ಎಲ್ಲವೂ ಕಂಪನಿಯದೇ. ಮನೆ ಕಂಪನಿಯದು, ನೀರು ಕಂಪನಿಯದು, ಕರೆಂಟು, ಆಸ್ಪತ್ರೆ, ಕಸ ಗುಡಿಸುವ ವ್ಯವಸ್ಥೆಯೂ ಕಂಪನಿಯದು. ನಮ್ಮ ಬೇತಮಂಗಲದ ಕೆರೆಯ ನೀರು ಕೊಳವೆಯಲ್ಲಿ ಗಣಿಗೆ ಹೋಗುತ್ತಿತ್ತು. ಇರುವಾಗ ಇದು ದೊಡ್ಡ ಅನುಕೂಲ. ನಮ್ಮೂರಲ್ಲಿ ಹೆರಿಗೆ ಕಷ್ಟವಾದರೆ ಎತ್ತಿನ ಗಾಡಿ ಹುಡುಕುತ್ತಿದ್ದ ಕಾಲದಲ್ಲಿ ಅಲ್ಲಿ ದೊಡ್ಡ ಆಸ್ಪತ್ರೆ ಇತ್ತು. ಆದರೆ ನಮ್ಮ ಕೆಲಸದಲ್ಲಿ ಮೊದಲು ಕಲಿಸುವ ಪಾಠ, ಎಲ್ಲವನ್ನೂ ಒಂದೇ ಯಂತ್ರದ ಮೇಲೆ ಕೂರಿಸಬೇಡ ಎಂದು. ಅದು ನಿಂತ ದಿನ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ.

ಲೆಕ್ಕದ ಪುಸ್ತಕ

ನಿಲ್ಲುವ ಸೂಚನೆ ಮೊದಲೇ ಇತ್ತು. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮಿಗಿಲಾಗಿ ಚಿನ್ನ ಸಿಗುತ್ತಿತ್ತು. ಕೊನೆಗೆ ಅದು ಮೂರ್ನಾಲ್ಕು ಗ್ರಾಂಗೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚು ಹೆಚ್ಚಿತು, ಸಿಗುವುದು ಕಡಿಮೆಯಾಯಿತು. 1990ರ ದಶಕದಲ್ಲಿ ರೋಗಗ್ರಸ್ತ ಉದ್ಯಮ ಎಂಬ ಹಣೆಪಟ್ಟಿ ಬಿತ್ತು. ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿತು. ಆದರೂ ಮುಚ್ಚುತ್ತಾರೆ ಎಂದು ಯಾರೂ ನಂಬಿರಲಿಲ್ಲ. ನೂರಿಪ್ಪತ್ತು ವರ್ಷ ನಡೆದು 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ ಅದು. ಮುಚ್ಚಿದ ದಿನ ಮೂರು ಸಾವಿರಕ್ಕೂ ಹೆಚ್ಚು ಜನ ಕೆಲಸದಲ್ಲಿದ್ದರು.

ಅಪ್ಪನ ಪುಸ್ತಕ ಈಗಲೂ ನಮ್ಮ ಮನೆಯಲ್ಲಿದೆ. ನೀಲಿ ಬಣ್ಣದ ಉದ್ದನೆಯ ಪುಸ್ತಕ. ಹೆಸರಿನ ಬದಲು ಲೈನಿನ ನಂಬರು, ಮನೆ ನಂಬರು. 2001ರ ಫೆಬ್ರವರಿಯಲ್ಲಿ ಮೂವತ್ತೊಂದು ಮನೆಗಳಿವೆ. ಸಂಬಳದ ದಿನ ಬಾಕಿ ತೀರಿಸುವುದು ಪದ್ಧತಿ. ಮಾರ್ಚ್‌ನಲ್ಲಿ ಆ ದಿನ ಬರಲಿಲ್ಲ. "ಪರಿಹಾರದ ದುಡ್ಡು ಬರ್ತದೆ, ಬಂದ ತಕ್ಷಣ ಕೊಡ್ತೀವಿ" ಅಂದರು. ಅವರು ಸುಳ್ಳು ಹೇಳಲಿಲ್ಲ, ಅವರಿಗೂ ಹಾಗೇ ಅನ್ನಿಸಿತ್ತು. ಆದರೆ ಪರಿಹಾರ ಎಷ್ಟು, ಯಾರಿಗೆ, ಯಾವಾಗ ಎಂಬುದು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಎಳೆಯಿತು.

ಏಪ್ರಿಲ್ ಕೊನೆಗೆ ಬಾಕಿ ಹನ್ನೊಂದು ಸಾವಿರದ ನಾನೂರು ರೂಪಾಯಿ ಆಗಿತ್ತು. ಎರಡು ಹಸುವಿನ ಹಿಂಡಿ ಬೂಸಕ್ಕೂ ಅಪ್ಪ ಸಾಲ ಮಾಡಬೇಕಾಯಿತು. ಮೇ ತಿಂಗಳ ಒಂದು ದಿನ ಅಪ್ಪ ಲೈನಿಗೆ ಹೋಗಲಿಲ್ಲ. ಕ್ಯಾನುಗಳನ್ನು ತೊಳೆದು ಬೋರಲು ಹಾಕಿ, ಜಗಲಿಯ ಮೇಲೆ ಕುಳಿತಿದ್ದರು. ಅಮ್ಮ ಏನೋ ಕೇಳಿದ್ದಕ್ಕೆ, "ಚಿನ್ನ ತೆಗೆದೋರ ಮನೇಲಿ ಹಾಲಿಗೆ ಕಾಸಿಲ್ಲ ಕಣೆ" ಅಂದರು. ಮರುದಿನದಿಂದ ಒಂದೇ ಕ್ಯಾನು ಕಟ್ಟಿಕೊಂಡು, ಎಳೆಮಕ್ಕಳಿದ್ದ ನಾಲ್ಕು ಮನೆಗೆ ಮಾತ್ರ ಹಾಲು ಕೊಡುತ್ತಾ ಹೋದರು. ಉಳಿದದ್ದು ಊರಿನ ಹಾಲಿನ ಸೊಸೈಟಿಗೆ. ನಿಲ್ಲಿಸಿದ ಮನೆಗಳ ಮುಂದೆ ಹೋಗಲು ನಾಚಿಕೆಯಾಗಿ ಬಹಳ ದಿನ ಸುತ್ತು ದಾರಿಯಲ್ಲಿ ಹೋಗುತ್ತಿದ್ದರಂತೆ. ಬಾಕಿ ಇದ್ದವರು ಅವರು, ತಲೆ ತಪ್ಪಿಸಿಕೊಂಡವರು ನಮ್ಮಪ್ಪ.

ಆ ಬೇಸಿಗೆಯಲ್ಲಿ ಅಪ್ಪ ಕಂಡದ್ದನ್ನು ಆಮೇಲೆ ಹೇಳಿದ್ದಾರೆ. ಮೊದಲು ಹೋದದ್ದು ಸೈಕಲ್ಲು, ಆಮೇಲೆ ಟಿ.ವಿ., ಆಮೇಲೆ ಕಿವಿಯ ಓಲೆ. ನೆಲದಾಳದಿಂದ ಚಿನ್ನ ತಂದವರು ಗುಂಜಿ ತೂಕದ ಚಿನ್ನ ಹಿಡಿದು ಗಿರವಿ ಅಂಗಡಿಯ ಮುಂದೆ ಸಾಲು ನಿಂತರು. ಗಂಡಸರು ಬಂದ್ ಆದ ಗೇಟಿನ ಮುಂದೆ ದಿನವೂ ಹೋಗಿ ಕೂರುತ್ತಿದ್ದರು. ಮೊದಲು ಹೊರಟವರು ಹೆಂಗಸರು. ಬೆಂಗಳೂರಿನ ಗಾರ್ಮೆಂಟ್ಸ್, ಮನೆಗೆಲಸ, ಆಸ್ಪತ್ರೆಯ ಆಯಾ ಕೆಲಸ. ಬೆಳಗಿನ ಜಾವದ ಮಾರಿಕುಪ್ಪಂ ರೈಲು ಅವರ ಹೊಸ ಸೈರನ್ ಆಯಿತು.

ಹೊಸ ಹುಡುಗ

2001ರ ಜೂನ್‌ನಲ್ಲಿ ನಮ್ಮ ಒಂಬತ್ತನೇ ತರಗತಿಗೆ ಒಬ್ಬ ಹೊಸ ಹುಡುಗ ಬಂದ. ಅವನ ಮನೆ ಅಪ್ಪನ ಪುಸ್ತಕದಲ್ಲಿದ್ದ ಮೂವತ್ತೊಂದರಲ್ಲಿ ಒಂದು. ಕ್ವಾರ್ಟರ್ಸ್ ಖಾಲಿ ಮಾಡಿಸುತ್ತಾರೆ, ನೀರು ಕರೆಂಟು ಕಡಿಯುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಅವನ ತಾಯಿ ಅಪ್ಪನನ್ನು ಕೇಳಿ ನಮ್ಮೂರಿನಲ್ಲಿ ಒಂದು ಕೋಣೆ ಹಿಡಿದಿದ್ದರು. ಅವರು ಹಿಪ್ಪುನೇರಳೆ ತೋಟದ ಕೂಲಿಗೆ ಹೋಗುತ್ತಿದ್ದರು. ಅವನ ತಂದೆಗೆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಸೇರಿ ಬರುವ ಕಾಯಿಲೆ, ನಾಲ್ಕು ಹೆಜ್ಜೆ ನಡೆದರೆ ನಿಲ್ಲಬೇಕು.

ಆ ಹುಡುಗ ಅಲ್ಲಿಯವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಗಣಿತ, ವಿಜ್ಞಾನದಲ್ಲಿ ನಮಗಿಂತ ಮುಂದೆ. ಕನ್ನಡ ಮಾತನಾಡುತ್ತಿದ್ದ, ಆದರೆ ಬರೆಯಲು ಒತ್ತಕ್ಷರಗಳೇ ಬರುತ್ತಿರಲಿಲ್ಲ. ನಾವು ಅವನಿಗೆ ಏನು ಮಾಡಿದೆವು ಎಂದು ಬರೆಯಲು ಮುಜುಗರವಾಗುತ್ತದೆ, ಆದರೂ ಬರೆಯುತ್ತೇನೆ. "ಚಿನ್ನ ಮುಗೀತು, ರಾಗಿ ಮುದ್ದೆಗೆ ಬಂದ" ಎಂದು ಹಾಡು ಕಟ್ಟಿ ರೇಗಿಸಿದೆವು. ಅವನ ಮಾತಿನ ಧಾಟಿಯನ್ನು ಅಣಕಿಸಿದೆವು. ಊಟಕ್ಕೆ ಕೂತಾಗ ಕೆಲವರು ಸರಿದು ಕೂತದ್ದೂ ಉಂಟು. ಅದಕ್ಕೆ ಭಾಷೆ ಕಾರಣವಲ್ಲ ಎಂದು ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನಾನು ಸರಿದು ಕೂರಲಿಲ್ಲ, ಆದರೆ ಸರಿದವರನ್ನು ಏನೂ ಅನ್ನಲಿಲ್ಲ. ನಮ್ಮ ಹಾಲು ಕುಡಿದವರು, ನಮ್ಮ ತರಕಾರಿಗೆ ದುಡ್ಡು ಕೊಟ್ಟವರು, ನಮ್ಮ ಮನೆಗಳಿಗೆ ಹೆಂಚು ಹಾಕಿಸಿದ ದುಡ್ಡು ಯಾರ ಬೆವರಿನದು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಒಂದು ಸಂಜೆ ನಮ್ಮ ಮೇಷ್ಟ್ರು ನಮ್ಮಿಬ್ಬರನ್ನೂ ಕರೆದು, "ಇವನು ನಿನಗೆ ಇಂಗ್ಲಿಷ್ ಹೇಳ್ಕೊಡಲಿ, ನೀನು ಇವನಿಗೆ ಕನ್ನಡ ಹೇಳ್ಕೊಡು" ಎಂದರು. ಒಂದೂವರೆ ವರ್ಷ ನಮ್ಮ ಜಗಲಿಯ ಮೇಲೆ ಅದು ನಡೆಯಿತು. ನಾನು ಇಂದು ಅಮೆರಿಕದವರ ಜೊತೆ ಫೋನಿನಲ್ಲಿ ತಡವರಿಸದೆ ಮಾತನಾಡುತ್ತೇನೆ ಎಂದರೆ ಅದರ ಬುನಾದಿ ಆ ಜಗಲಿ. ಅವನು ಒತ್ತಕ್ಷರ ಕಲಿತ. ಆದರೆ 2002ರ ದೀಪಾವಳಿ ರಜೆ ಮುಗಿದ ಮೇಲೆ ಹತ್ತನೇ ತರಗತಿಗೆ ಅವನು ಬರಲಿಲ್ಲ. ತಂದೆಯ ಔಷಧಿಗೆ ದುಡ್ಡು ಬೇಕಿತ್ತು. ಬೆಂಗಳೂರಿನ ಒಂದು ಲೇತ್ ಅಂಗಡಿಗೆ ಸೇರಿಕೊಂಡ. ಮನೆಯವರು ಮತ್ತೆ ಲೈನಿಗೆ ಹೋದರು.

ರೈಲಿನ ಊರು

ನಾನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೇರಿದಾಗ ಹಾಸ್ಟೆಲ್ ಖರ್ಚು ಕಷ್ಟವಾಗಿ ದಿನವೂ ರೈಲಿನಲ್ಲಿ ಓಡಾಡಿದೆ. ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತಿದ ಎರಡನೇ ದಿನವೇ ಅವನು ಸಿಕ್ಕ. ಟವೆಲ್ ಹಾಸಿ ನನಗೂ ಜಾಗ ಹಿಡಿದ. ನಾಲ್ಕು ವರ್ಷ ಆ ಜಾಗ ನನ್ನದಾಗಿತ್ತು.

ಗಣಿ ಮುಚ್ಚಿದ ಮೇಲೆ ಕೆಜಿಎಫ್ ಎಲ್ಲಿ ಹೋಯಿತು ಎಂದು ಕೇಳುವವರು ಆ ರೈಲನ್ನು ಒಮ್ಮೆ ಹತ್ತಬೇಕು. ಕತ್ತಲಲ್ಲೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವೈಟ್‌ಫೀಲ್ಡ್‌ನಲ್ಲಿ ಕಂಪ್ಯೂಟರ್ ಕಂಪನಿಯವರೂ ಅವರ ಕಚೇರಿ ಗುಡಿಸುವವರೂ ಒಟ್ಟಿಗೇ ಇಳಿಯುತ್ತಾರೆ. ಕೃಷ್ಣರಾಜಪುರದಲ್ಲಿ ಕಾರ್ಖಾನೆಯವರು, ಕಂಟೋನ್ಮೆಂಟ್‌ನಲ್ಲಿ ಅಂಗಡಿ, ಆಸ್ಪತ್ರೆಯವರು. ಲೈನಿನ ಬೀದಿಯಲ್ಲಿ ನಡೆಯುತ್ತಿದ್ದುದೆಲ್ಲ ಬೋಗಿಯಲ್ಲಿ ನಡೆಯುತ್ತದೆ. ಚೀಟಿ ಎತ್ತುತ್ತಾರೆ, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುತ್ತಾರೆ, ಮದುವೆ ಮಾತುಕತೆ ಮಾಡುತ್ತಾರೆ, ಹೂ ಕಟ್ಟುತ್ತಾರೆ, ಅವರೆಕಾಯಿ ಬಿಡಿಸುತ್ತಾರೆ. ಒಬ್ಬರಿಗೆ ಕೆಲಸ ಹೋದರೆ ಇನ್ನೊಬ್ಬರು ತಮ್ಮ ಕಂಪನಿಯಲ್ಲಿ ಕೇಳುತ್ತಾರೆ. ಊರಿನ ಅನ್ನ ಹೋಯಿತು, ಆದರೆ ಊರು ಚದುರಲಿಲ್ಲ. ಅದು ರೈಲಿನಲ್ಲಿ ಹೋಗಿ ರೈಲಿನಲ್ಲಿ ಬರುತ್ತದೆ.

ಒಂದು ದಿನ ಅವನನ್ನು ಕೇಳಿದೆ, ಬೆಂಗಳೂರಿನಲ್ಲೇ ಮನೆ ಮಾಡಬಾರದೇ ಎಂದು. "ಬಾಡಿಗೆ ಕೊಟ್ಟರೆ ಸಂಬಳ ಉಳಿಯಲ್ಲ. ಅಪ್ಪ ದಿನಕ್ಕೆ ಎಂಟು ಗಂಟೆ ನೆಲದೊಳಗೆ ಇದ್ದರು, ನಾನು ಐದು ಗಂಟೆ ರೈಲಿನೊಳಗೆ ಇರ್ತೀನಿ. ಪರವಾಗಿಲ್ಲ, ಕಿಟಕಿ ಐತೆ" ಎಂದ.

ಅವನ ತಂದೆ 2008ರಲ್ಲಿ ತೀರಿಕೊಂಡರು. ಅದೇ ವರ್ಷ ಅವನ ತಾಯಿ ಒಂದು ಭಾನುವಾರ ಬಸ್ಸಿನಲ್ಲಿ ನಮ್ಮೂರಿಗೆ ಬಂದು, ಸೆರಗಿನ ಗಂಟು ಬಿಚ್ಚಿ ಹಾಲಿನ ಬಾಕಿ ಕೊಟ್ಟರು. ಮುನ್ನೂರ ಎಂಬತ್ತು ರೂಪಾಯಿ. ಅಪ್ಪ ಬೇಡವೆಂದರು. "ಸಾಲ ಇಟ್ಟುಕೊಂಡು ಹೋದ್ರು ಅಂತ ಆಗಬಾರದು" ಎಂದು ಅವರು ಕೂತೇ ಇದ್ದರು. ಅಪ್ಪ ಪುಸ್ತಕ ತಂದು ಅವರೆದುರಿಗೇ ಹೊಡೆದು ಹಾಕಿದರು. ಹೀಗೆ ಒಬ್ಬೊಬ್ಬರಾಗಿ ಬಂದವರು ಇಪ್ಪತ್ತೆರಡು ಮನೆಯವರು. ಒಂಬತ್ತು ಮನೆಯವರು ಎಲ್ಲಿಗೆ ಹೋದರೋ ಗೊತ್ತಿಲ್ಲ. ಆ ಪುಟಗಳನ್ನು ಅಪ್ಪ ಇನ್ನೂ ಹಾಗೇ ಬಿಟ್ಟಿದ್ದಾರೆ.

ಈಗ

ಈ ಸಲ ಊರಿಗೆ ಬಂದಾಗ ಅಪ್ಪನನ್ನು ಗಾಡಿಯಲ್ಲಿ ಕೂರಿಸಿಕೊಂಡು ಲೈನಿಗೆ ಹೋಗಿದ್ದೆ. ಗಣಿಯ ಕಬ್ಬಿಣದ ಗೋಪುರಗಳು ತುಕ್ಕು ಹಿಡಿದು ನಿಂತಿವೆ. ಪಂಪು ನಿಂತದ್ದರಿಂದ ಸುರಂಗಗಳಲ್ಲಿ ನೀರು ತುಂಬಿದೆ. ಅದಿರು ಅರೆದು ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಹದಿಮೂರು ಗುಡ್ಡಗಳಿವೆ, ಮೂರು ಕೋಟಿ ಟನ್ನಿಗೂ ಹೆಚ್ಚು ಎನ್ನುತ್ತಾರೆ. ಬೇಸಿಗೆಯ ಗಾಳಿಗೆ ಆ ಧೂಳು ಮನೆಗಳಿಗೆ ನುಗ್ಗುತ್ತದೆ. 2018ರಲ್ಲಿ 'ಕೆಜಿಎಫ್' ಸಿನಿಮಾ ಬಂದ ಮೇಲೆ ಆಫೀಸಿನವರು ನನ್ನನ್ನು "ನಿಮ್ಮೂರಲ್ಲಿ ಹಾಗೇನಾ?" ಎಂದು ಕೇಳುತ್ತಾರೆ. ಆ ಗುಡ್ಡಗಳನ್ನು ನೋಡಲು ಜನ ಕಾರಿನಲ್ಲಿ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಅವುಗಳ ಬುಡದಲ್ಲೇ ಮನೆಗಳಿವೆ ಎಂಬುದು ಫೋಟೊದಲ್ಲಿ ಬರುವುದಿಲ್ಲ.

ಕೆಜಿಎಫ್ ಈಗ ಪ್ರತ್ಯೇಕ ತಾಲ್ಲೂಕು. 1964ರಲ್ಲಿ ಬಂದ ಬಿ.ಇ.ಎಂ.ಎಲ್. ಈಗಲೂ ಒಂದಷ್ಟು ಜನಕ್ಕೆ ಅನ್ನ ಕೊಡುತ್ತಿದೆ. ನಮ್ಮೂರಿನ ಹುಡುಗ ಹುಡುಗಿಯರು ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಕಂಪನಿ ಬಸ್ಸಿನಲ್ಲಿ ಹೋಗುತ್ತಾರೆ. ಟೊಮೆಟೊ, ಹಾಲು ಬೆಂಗಳೂರಿಗೆ ಹೋಗುತ್ತವೆ. ಹಿಂದೆ ನಮ್ಮ ಬದುಕು ಗಣಿಗೆ ಕಟ್ಟಿಕೊಂಡಿತ್ತು, ಈಗ ಬೆಂಗಳೂರಿಗೆ ಕಟ್ಟಿಕೊಂಡಿದೆ. ನನ್ನಂಥವರ ಕೆಲಸವೂ ಶಾಶ್ವತವೇನಲ್ಲ. ಮೊನ್ನೆ ಮೊನ್ನೆ ನಮ್ಮ ತಂಡದಲ್ಲೇ ಕೆಲವರಿಗೆ ಒಂದು ಇ-ಮೇಲ್‌ನಲ್ಲಿ ಕೆಲಸ ಹೋಯಿತು. ಅಂದು ಸಂಜೆ ನನಗೆ ಜಗಲಿಯ ಮೇಲೆ ಕುಳಿತಿದ್ದ ಅಪ್ಪ ನೆನಪಾದರು. ನಮ್ಮಲ್ಲಿ ಹಾಗೆ ಹೋದವರಿಗಾಗಿ ಟವೆಲ್ ಹಾಸಿ ಜಾಗ ಹಿಡಿಯುವವರು ಇದ್ದಾರೆಯೇ ಎಂದು ಯೋಚಿಸಿದೆ.

ಈಗ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಮಾತು. ಕಂಪ್ಯೂಟರ್ ಕಲಿಯಿರಿ, ಖಂಡಿತ ಕಲಿಯಿರಿ. ಆದರೆ ನಿಮ್ಮ ಅಜ್ಜ ಅಜ್ಜಿಯರನ್ನು ಗಣಿಯ ಬಗ್ಗೆ ಕೇಳಿ ಬರೆದಿಡಿ. ಲೈನಿನಲ್ಲಿ ಇನ್ನೂ ಇರುವ ಹಿರಿಯರನ್ನು ಶಾಲೆಗೆ ಕರೆಸಿ ಮಾತನಾಡಿಸಿ. ಅವರು ಹೋದರೆ ಆ ಇತಿಹಾಸ ಗುಡ್ಡದ ಧೂಳಿನಂತೆ ಹಾರಿಹೋಗುತ್ತದೆ.

ಸಮಿತಿಯ ಹಿರಿಯರಲ್ಲೂ ಒಂದು ವಿನಂತಿ. ಸುವರ್ಣ ಮಹೋತ್ಸವದ ಆಹ್ವಾನಕ್ಕಾಗಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ತಯಾರಿಸಿದ್ದೀರಿ. ಅದನ್ನು ನೋಡಿದೆ. ನಮ್ಮ ಸಾಲಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದವರ ಹೆಸರುಗಳಷ್ಟೇ ಇವೆ. ನನಗೆ ಇಂಗ್ಲಿಷ್ ಕಲಿಸಿದವನ ಹೆಸರಿಲ್ಲ. ಫೋನ್ ಮಾಡಿ ಕರೆದರೆ, "ನಾನು ಅಲ್ಲಿ ಪಾಸ್ ಆಗಿಲ್ಲವಲ್ಲಪ್ಪ, ಹೇಗೆ ಬರಲಿ" ಎಂದು ನಕ್ಕ. ಈಗ ಅವನು ದೊಡ್ಡ ಕಾರ್ಖಾನೆಯಲ್ಲಿ ಕಂಪ್ಯೂಟರ್ ಚಾಲಿತ ಯಂತ್ರ ನಡೆಸುತ್ತಾನೆ. ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಈಗಲೂ ಅದೇ ರೈಲು. ದಯವಿಟ್ಟು ದಾಖಲಾತಿ ಪುಸ್ತಕ ತೆಗೆಯಿರಿ. ಒಂದು ದಿನವಾದರೂ ಈ ಶಾಲೆಯ ಬೆಂಚಿನ ಮೇಲೆ ಕೂತವರೆಲ್ಲ ಇದರ ವಿದ್ಯಾರ್ಥಿಗಳೇ. ಅರ್ಧಕ್ಕೆ ಬಿಟ್ಟವರಿಗೂ ಆಹ್ವಾನ ಹೋಗಲಿ. ಅಪ್ಪನ ಪುಸ್ತಕದಲ್ಲಿ ಹೊಡೆದು ಹಾಕದ ಒಂಬತ್ತು ಪುಟಗಳಿರುವಂತೆ ನಮ್ಮ ಶಾಲೆಯ ಪುಸ್ತಕದಲ್ಲೂ ಕೆಲವು ಪುಟಗಳಿವೆ. ಅಲ್ಲಿ ಬಾಕಿ ಇರುವುದು ನಮ್ಮದು.

ಸಮಾರಂಭದ ದಿನ ನಾನು ಅವನ ಜೊತೆಗೇ ಬರುತ್ತೇನೆ. ಈ ಸಲ ಜಾಗ ಹಿಡಿಯುವುದು ನನ್ನ ಸರದಿ.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು
(ಎಸ್.ಎಸ್.ಎಲ್.ಸಿ. 2002–03ನೇ ಸಾಲು)